ಪದ ಪರಿಚಯ: ಗಾಂಜಾ, ಡಿಜಿಟಲ್ ಕಥನ ಮತ್ತು ಓರಗೆಯವರ ಬೆಂಬಲ

ಹಾರ್ಮ್ ರಿಡಕ್ಷನ್ ಅಂದರೆ ಹಾನಿ ತಗ್ಗಿಸುವುದು. ಗಾಂಜಾ ಸೇದುವ ಹುಡುಗನಿಗೆ ‘ಮೊದಲು ಬಿಟ್ಟು ಬಾ, ಆಮೇಲೆ ಮಾತು’ ಅನ್ನುವುದಿಲ್ಲ. ಅವನು ಬಿಡುವವರೆಗೂ, ಬಿಡದೇ ಇದ್ದರೂ, ತಲೆಗೆ, ಜೀವಕ್ಕೆ ಬೀಳುವ ಪೆಟ್ಟು ಕಡಿಮೆಯಾಗಲಿ ಅಂತ ನೋಡುವುದು. ಸೇದು ಅಂತ ಒಪ್ಪಿಗೆ ಕೊಟ್ಟಂತೆ ಖಂಡಿತ ಅಲ್ಲ.

ಡಿಜಿಟಲ್ ಕಥನ ಇದಕ್ಕೆ ಒಂದು ದಾರಿ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜೋ ಲ್ಯಾಂಬರ್ಟ್, ಡೇನಾ ಆಚ್ಲಿ ಮೊದಲಾದವರು ಬೆಳೆಸಿದ ಪದ್ಧತಿ. ಎರಡು ಮೂರು ನಿಮಿಷದ ವಿಡಿಯೊ, ತನ್ನದೇ ದನಿ, ತಾನೇ ತೆಗೆದ ಫೋಟೊ, ಬದುಕಿನ ಒಂದು ಘಟನೆ, ಅಷ್ಟೇ. ಆದರೆ ರೆಕಾರ್ಡ್ ಮಾಡುವ ಮೊದಲು ಎಲ್ಲರೂ ಸುತ್ತ ಕೂತು ಒಬ್ಬರ ಕಥೆ ಒಬ್ಬರು ಕೇಳುತ್ತಾರೆ. ಓರಗೆಯವರ ಬೆಂಬಲ ಶುರುವಾಗುವುದೇ ಅಲ್ಲಿ.

ನಮ್ಮ ಕೊಡಗಿಗೆ ಇದು ಹೊಂದುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಇಲ್ಲಿ ಮನೆಹೆಸರು ಹೇಳಿದರೆ ಸಾಕು, ಯಾರ ಮಗ, ಯಾವ ಊರು, ತೋಟ ಎಲ್ಲಿ, ಎಲ್ಲ ಗೊತ್ತಾಗುತ್ತದೆ. ಬೆಳಿಗ್ಗೆ ವಿರಾಜಪೇಟೆಯಲ್ಲಿ ಮನೋವೈದ್ಯರ ಬಾಗಿಲಲ್ಲಿ ಕಂಡರೆ ಸಂಜೆಯೊಳಗೆ ಮನೆಗೆ ಸುದ್ದಿ. ಹಾಗಾಗಿ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಈ ವಿಡಿಯೊದಲ್ಲಿ ಮುಖ ತೋರಿಸಬೇಕಾಗಿಲ್ಲ. ಗೋಣಿಕೊಪ್ಪ ಕಡೆಯ ಒಬ್ಬ ಹುಡುಗ ಮಾಡಿದ ಅಂದುಕೊಳ್ಳಿ. ತೆರೆಯ ಮೇಲೆ ಕೆಸರು ಮೆತ್ತಿದ ಗಂಬೂಟು, ಆಮೇಲೆ ಕನ್ನಡಿ ಒಡೆದ ಸ್ಕೂಟರ್. ಹಿಂದೆ ಶೀಟಿನ ಮೇಲೆ ಮಳೆ ಸದ್ದು. ‘ಹೋಂಸ್ಟೇಯಲ್ಲಿ ಸೊಪ್ಪು ಹಾಕಿದ ಬ್ರೌನಿ ತಿಂದೆ, ಅರ್ಧ ಗಂಟೆ ಆದ್ರೂ ಏನೂ ಆಗ್ಲಿಲ್ಲ, ಇನ್ನೊಂದು ತಿಂದೆ.’ ತಿಂದ ಗಾಂಜಾ ಏರಲು ಎರಡು ಗಂಟೆವರೆಗೂ ಬೇಕಾಗಬಹುದು ಅನ್ನುವ ವಿಷಯ ಪೋಸ್ಟರಿನಲ್ಲಿದ್ದರೆ ಯಾರು ಓದುತ್ತಾರೆ? ಇದನ್ನು ಕೇಳಿದವನಿಗೆ ಮಾತ್ರ ಮನಸ್ಸಲ್ಲಿ ಉಳಿಯುತ್ತದೆ.

ಹೆದರಿಸುವ ವಿಡಿಯೊ ಮಾಡಬೇಡಿ. ಸೇದಿಯೂ ಏನೂ ಆಗದ ಹತ್ತು ಜನರನ್ನು ಕಂಡ ಹುಡುಗ ಅದನ್ನು ನಂಬುವುದಿಲ್ಲ, ಮುಂದೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ. ಓರಗೆಯವರು ಹೇಳಬೇಕಾದ ಮಾತು ಬೇರೆ. ದಿನಾ ಬೇಡ. 16 ವರ್ಷಕ್ಕೂ ಮೊದಲೇ ಶುರು ಮಾಡಿದವರಿಗೆ ಅಪಾಯ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ ತೀವ್ರ ಮನೋರೋಗ ಇದ್ದರೆ ಮುಟ್ಟಲೇಬೇಡ. ಸೇದಿದ ಮೇಲೆ ಆರು ಗಂಟೆಯಾದರೂ ಗಾಡಿ ಓಡಿಸಬೇಡ ಅನ್ನುತ್ತದೆ ಕೆನಡಾದ ತಜ್ಞರ ಸಲಹೆ. ಮಳೆಗಾಲದ ಸಂಪಾಜೆ ಘಾಟಿಯ ತಿರುವು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

ಒಂದು ಎಚ್ಚರ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಇಟ್ಟುಕೊಳ್ಳುವುದೂ ಸೇದುವುದೂ ಅಪರಾಧ. ವಾಟ್ಸ್ಯಾಪ್ ಗ್ರೂಪಿಗೆ ಒಮ್ಮೆ ಹೋದ ವಿಡಿಯೊ ಕೈಗೆ ವಾಪಸ್ ಸಿಗುವುದಿಲ್ಲ. ಹೆಸರು, ದನಿ, ಗೇಟಿನ ಬೋರ್ಡು, ಯಾವುದು ಇರಬೇಕು ಅಂತ ಕಥೆ ಹೇಳುವವರೇ ಮೊದಲು ತೀರ್ಮಾನಿಸಲಿ. ಆ ಗುಂಪಿನೊಳಗೇ ತೋರಿಸಿ ಅಳಿಸಿಬಿಟ್ಟರೂ ಕೆಲಸ ಆಯಿತು.

ಯಾರಿಗಾದರೂ ಇಲ್ಲದ ದನಿ ಕೇಳಿಸುತ್ತಿದ್ದರೆ, ಎಲ್ಲರ ಮೇಲೂ ಅನುಮಾನ ಬರುತ್ತಿದ್ದರೆ ಅದು ಗೆಳೆಯರು ನಿಭಾಯಿಸುವ ವಿಷಯ ಅಲ್ಲ. ತಡ ಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಯಾರಿಗೆ ಹೇಳುವುದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡಬೇಕು ಅನ್ನಿಸಿದವರಿಗೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ.