ಗಾಜಿನೊಳಗೆ ಇಳಿದ ಬೆಳ್ಳಿ

ಬೀದರ್‌ನ ಬಿದ್ರಿ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಸತು-ತಾಮ್ರದ ಹೂಜಿಯ ಮೇಲೆ ಉಳಿಯಿಂದ ಎಳೆಯಷ್ಟು ಸಣ್ಣ ಗೀರು ಕೊರೆಯುತ್ತಾರೆ. ಅದರಲ್ಲಿ ಬೆಳ್ಳಿ ತಂತಿ ಇಟ್ಟು ಮೆಲ್ಲಗೆ ತಟ್ಟುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿ ಹಚ್ಚಿದರೆ ಹೂಜಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಗಾಜಿನಲ್ಲೂ ಇಂಥ ಬೆಳ್ಳಿಯ ಗೆರೆ ಎಳೆಯಬಹುದು. ಉಳಿ ಬೇಡ, ಸುತ್ತಿಗೆ ಬೇಡ. ಆ ಗೆರೆಗುಂಟ ಬೆಳಕು ಹರಿಯುತ್ತದೆ.

ಇದರ ಬೇರು ಬಹಳ ಹಳೆಯದು. 14ನೇ ಶತಮಾನದಲ್ಲಿ ಯುರೋಪಿನ ಚರ್ಚ್ ಕಿಟಕಿ ಮಾಡುವವರು ಗಾಜಿಗೆ ಬೆಳ್ಳಿಯ ಲೇಪ ಹಚ್ಚಿ ಕುಲುಮೆಯಲ್ಲಿ ಇಡುತ್ತಿದ್ದರು. ಗಾಜು ಜೇನಿನ ಹಾಗೆ ಹಳದಿಯಾಗುತ್ತಿತ್ತು. ಬಣ್ಣ ಮೇಲೆ ಕೂತಿರುತ್ತಿರಲಿಲ್ಲ, ಒಳಗೇ ಇಳಿದಿರುತ್ತಿತ್ತು. ಗಾಜಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು, ಸಡಿಲವಾಗಿ ಇರುತ್ತವೆ. ಬಿಸಿ ತಾಗಿದಾಗ ಅವುಗಳಲ್ಲಿ ಒಂದು ತನ್ನ ಜಾಗ ಬಿಟ್ಟು ಹೋದರೆ ಅಲ್ಲಿ ಒಂದು ಬೆಳ್ಳಿ ಅಯಾನು ಬಂದು ಕೂರುತ್ತದೆ. ಒಂದಕ್ಕೆ ಒಂದು, ಅಷ್ಟೇ. 1913ರಲ್ಲಿ ಜರ್ಮನಿಯ ಶುಲ್ಟ್ಸೆ ಈ ಅದಲುಬದಲನ್ನು ಅಳೆದು ನೋಡಿದರು.

ಬೆಳಕಿಗೂ ಇದು ಬೇಕಾಗಬಹುದು ಎಂಬ ಯೋಚನೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮಿಲ್ಲರ್, ವಿದ್ಯುತ್ ಚಿಪ್‌ನಂತೆ ಬೆಳಕಿಗೂ ಚಿಪ್ ಮಾಡೋಣ ಎಂದರು. 1972ರಲ್ಲಿ ಜಪಾನಿನ ಇಜಾವಾ, ನಕಗೋಮೆ ಗಾಜಿಗೆ ಥಾಲಿಯಂ ಎಂಬ ಲೋಹ ಸೇರಿಸಿ ಬೆಳಕಿನ ದಾರಿ ಮಾಡಿ ತೋರಿಸಿದರು. ಆದರೆ ಥಾಲಿಯಂ ಕಡು ವಿಷ. ಮರುವರ್ಷವೇ ಬೆಳ್ಳಿಯಿಂದಲೂ ಆಗುತ್ತದೆ ಎಂದು ಗೊತ್ತಾಯಿತು.

ಮಾಡುವ ಬಗೆ ಹೀಗೆ: ಗಾಜಿಗೆ ತೆಳು ಅಲ್ಯೂಮಿನಿಯಂ ಹೊದಿಸಿ, ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ ಸೀಳು ಬಿಡುತ್ತಾರೆ. 300 ಡಿಗ್ರಿ ದಾಟಿ ಕಾಯ್ದು ಕರಗಿದ, ಬೆಳ್ಳಿ ಇರುವ ನೈಟ್ರೇಟ್ ಉಪ್ಪಿನಲ್ಲಿ ಅದ್ದುತ್ತಾರೆ. ಸೀಳಿನ ಕೆಳಗೆ ಬೆಳ್ಳಿ ಸೇರಿದ ಕಡೆ ವಕ್ರೀಭವನ, ಅಂದರೆ ಬೆಳಕನ್ನು ಬಾಗಿಸುವ ಗುಣ, ಜಾಸ್ತಿ. ಹಾಗಾಗಿ ಬೆಳಕು ಆ ಗೆರೆ ಬಿಟ್ಟು ಆಚೆ ಹೋಗುವುದಿಲ್ಲ.

ನನಗೆ ತುಂಬಾ ಹಿಡಿಸಿದ ಸಂಗತಿ ಬೇರೆ ಇದೆ. ಕಿಟಕಿಯವರು ಆಸೆಪಟ್ಟ ಆ ಹಳದಿಯೇ ಇಲ್ಲಿ ದೊಡ್ಡ ಕಾಟ! ಒಳಹೊಕ್ಕ ಅಯಾನುಗಳು ಬೆಳ್ಳಿಯ ಕಣಗಳಾಗಿ ಕೂಡಿಕೊಂಡರೆ ಬೆಳಕನ್ನು ನುಂಗಿಬಿಡುತ್ತವೆ. ಕಾಲೇಜಿನ ಲ್ಯಾಬ್‌ನಲ್ಲಿ ಸಿಲ್ವರ್ ನೈಟ್ರೇಟ್ ಬೆರಳಿಗೆ ತಾಗಿ ಕಪ್ಪಾಗುತ್ತಿತ್ತು, ಅಲ್ವಾ? ಅದೇ ಗುಣ. ಅದಕ್ಕೇ ಕಬ್ಬಿಣ, ಆರ್ಸೆನಿಕ್ ಇಲ್ಲದ ಶುದ್ಧ ಗಾಜು ಹುಡುಕಿದರು. ಬೆಳ್ಳಿಯನ್ನು ಸೋಡಿಯಂ ನೈಟ್ರೇಟ್‌ನಲ್ಲಿ ತೆಳುಮಾಡಿ ಬಳಸಿದರು. ಆಮೇಲೆ ವಿದ್ಯುತ್ ಒತ್ತಡ ಕೊಟ್ಟು ಗೆರೆಯನ್ನು ಮೇಲ್ಮೈಯಿಂದ ಕೆಳಗೆ ತಳ್ಳುವುದನ್ನೂ ಕಲಿತರು. ಹೂತ ಗೆರೆ ದುಂಡಗಾಗಿ, ಬೆಳಕು ಸಾಗಿಸುವ ಗಾಜಿನೆಳೆಯಾದ ಫೈಬರ್‌ಗೆ ಸರಿಯಾಗಿ ಕೂಡುತ್ತದೆ.

ಮನೆಮನೆಗೆ ಫೈಬರ್ ಇಂಟರ್‌ನೆಟ್ ಹಂಚುವ ಸ್ಪ್ಲಿಟರ್‌ಗಳಲ್ಲಿ ಕೆಲವು ಹೀಗೇ ಹುಟ್ಟಿದವು. ಬೆರಳುದ್ದದ ಗಾಜಿನಲ್ಲಿ ಒಂದು ಗೆರೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಕವಲೊಡೆಯುತ್ತದೆ. ಓಣಿಯಲ್ಲಿ ಕರೆಂಟ್ ಹೋದರೂ ಅದರೊಳಗೆ ಬೆಳಕು ಹಂಚಿಹೋಗುತ್ತಲೇ ಇರುತ್ತದೆ.