ಓಟ ಹೆಚ್ಚಲಿಲ್ಲ, ಎಡವುವುದು ನಿಂತಿತು

ಅಕ್ಕನ ಮಗನ ದೂರು ಒಂದೇ: “ಮಾಮ, ತಿರುವಿಗೆ ಬಂದಾಗಲೆಲ್ಲ ಕಾರು ನಿಂತುಬಿಡುತ್ತದೆ.” ಕಾರು ಜಿಟಿಎ 5 ಎಂಬ ಕಂಪ್ಯೂಟರ್ ಆಟದ್ದು. ನೇರ ರಸ್ತೆಯಲ್ಲಿ ಸಲೀಸಾಗಿ ಓಡುತ್ತದೆ. ಹೊಸ ಬೀದಿಗೆ ಹೊರಳಿತೋ, ಚಿತ್ರ ಅರೆಕ್ಷಣ ಕಲ್ಲಾಗಿ ನಿಂತು ಆಮೇಲೆ ಒಮ್ಮೆಲೇ ಮುಂದಕ್ಕೆ ನೆಗೆಯುತ್ತದೆ. ಅಷ್ಟರಲ್ಲಿ ಕಾರು ಯಾವುದೋ ಕಂಬವನ್ನು ತಬ್ಬಿಕೊಂಡಿರುತ್ತದೆ.

ಕಂಪ್ಯೂಟರ್ 2012ರ ಕಾಲದ್ದು. ಇಂಟೆಲ್ ಐ5 3470 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, ಗರಗರ ತಿರುಗುವ ಹಾರ್ಡ್ ಡಿಸ್ಕ್, ಮಧ್ಯೆ ಎಂದೋ ಸೇರಿಸಿದ 2 ಜಿಬಿಯ ಗ್ರಾಫಿಕ್ಸ್ ಕಾರ್ಡ್. ಹೊಸದನ್ನೇ ಕೊಳ್ಳುವುದು ಒಳ್ಳೆಯದೆಂದು ಮನೆಯವರಿಗೆಲ್ಲ ಅನ್ನಿಸಿತ್ತು. ಆದರೆ ಆಟದ 2015ರ ಕಂಪ್ಯೂಟರ್ ಆವೃತ್ತಿಗೆ ತಯಾರಿಸಿದವರು ಕೊಟ್ಟಿರುವ ‘ಸೂಕ್ತ’ ಸಲಕರಣೆಗಳ ಪಟ್ಟಿಯಲ್ಲಿ ಇದೇ ಐ5 3470 ಇದೆ. ರ‍್ಯಾಮ್ ಎಂಬ ಕೆಲಸದ ಮೆಮೊರಿಯ ವಿಷಯದಲ್ಲಿ ಮಾತ್ರ 4 ಜಿಬಿ ಕನಿಷ್ಠ, 8 ಜಿಬಿ ಸೂಕ್ತ ಎಂದಿದೆ. ಕುದುರೆ ಗಟ್ಟಿಯಾಗಿಯೇ ಇತ್ತು, ಲಾಯ ಚಿಕ್ಕದಾಗಿತ್ತು.

ಕೊಳ್ಳುವ ಮೊದಲು ನಾಡಿ ಹಿಡಿದು ನೋಡಬೇಕು. ಆಟ ನಡೆಯುತ್ತಿರುವಾಗಲೇ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದೆವು. ಮೆಮೊರಿ ಮೇಲಿನ ಅಂಚಿಗೆ ತಾಗಿಕೊಂಡೇ ಇತ್ತು. ಕಾರು ತಿರುವು ತೆಗೆದುಕೊಂಡಾಗಲೆಲ್ಲ ಡಿಸ್ಕಿನ ಗೆರೆ ನೂರಕ್ಕೆ ಏರಿ ಕೂರುತ್ತಿತ್ತು. ಪ್ರೊಸೆಸರ್ ಆ ಗಳಿಗೆಯಲ್ಲಿ ಕೆಲಸವಿಲ್ಲದೆ ಕೈಕಟ್ಟಿ ನಿಂತಿತ್ತು. ಈ ಮೂರೂ ಒಟ್ಟಿಗೆ ಕಂಡರೆ ಅದು ಮೆಮೊರಿ ಸಾಲದ ರೋಗ. ಮೆಮೊರಿ ಅರ್ಧ ಖಾಲಿ ಇದ್ದು ಆಟ ನಿಧಾನವಾಗಿದ್ದರೆ ರೋಗ ಬೇರೆಯದು, ಆಗ ಎಷ್ಟು ರ‍್ಯಾಮ್ ಸುರಿದರೂ ಹಣ ದಂಡ.

ಆ ಅರೆಕ್ಷಣದಲ್ಲಿ ಏನಾಗುತ್ತದೆ? ರ‍್ಯಾಮ್ ಅಡುಗೆಮನೆಯ ಕಟ್ಟೆ, ಹಾರ್ಡ್ ಡಿಸ್ಕ್ ಅಟ್ಟ. ಕಟ್ಟೆ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡವೆನಿಸಿದ್ದನ್ನು ಅಟ್ಟಕ್ಕೇರಿಸುತ್ತದೆ, ಬೇಕಾದಾಗ ಇಳಿಸಿಕೊಳ್ಳುತ್ತದೆ. ಇರುವ ಮೆಮೊರಿಗಿಂತ ಹೆಚ್ಚು ಇದೆ ಎಂದು ಪ್ರೋಗ್ರಾಮನ್ನು ನಂಬಿಸುವ ಈ ಜಾಣತನ ಹೊಸದಲ್ಲ. 1962ರಲ್ಲಿ ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರ್ ತಿರುಗುವ ಕಾಂತೀಯ ಡ್ರಮ್ಮನ್ನು ಅಟ್ಟ ಮಾಡಿಕೊಂಡು ಇದನ್ನೇ ಮಾಡುತ್ತಿತ್ತು. ಲೆಕ್ಕಪತ್ರದ ಕೆಲಸಕ್ಕೆ ಇದು ವರ. ಆಟಕ್ಕೆ ಮಾತ್ರ ಶಾಪ, ಏಕೆಂದರೆ ಆಟಕ್ಕೆ ಗಡುವು ಇದೆ.

ಸೆಕೆಂಡಿಗೆ 60 ಚಿತ್ರ ತೋರಿಸಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ರ‍್ಯಾಮಿನಿಂದ ಒಂದು ತುಣುಕು ತರಲು ಪ್ರೊಸೆಸರ್‌ಗೆ ಸುಮಾರು 100 ನ್ಯಾನೋಸೆಕೆಂಡ್ ಸಾಕು. ಹಾರ್ಡ್ ಡಿಸ್ಕ್ ಹಾಗಲ್ಲ. ಅದರ ಓದುವ ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು, ಬೇಕಾದ ಜಾಗ ಮುಳ್ಳಿನ ಕೆಳಗೆ ತಿರುಗಿ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಹಿಡಿಯುತ್ತದೆ. ಎಲ್ಲ ಸೇರಿ ಸರಾಸರಿ ಹತ್ತಿಪ್ಪತ್ತು ಮಿಲಿಸೆಕೆಂಡ್. ಹತ್ತೆಂದೇ ಹಿಡಿಯೋಣ. ರ‍್ಯಾಮಿನ ಕಾಯುವಿಕೆಯನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ ಡಿಸ್ಕಿನದು ಒಂದು ದಿನವೂ ಮೇಲೆ ಸುಮಾರು ನಾಲ್ಕು ಗಂಟೆಯೂ ಆಗುತ್ತದೆ! ವಿಂಡೋಸ್ ಹೀಗೆ ಏರಿಸಿ ಇಳಿಸುವ ಮೆಮೊರಿಯ ತುಂಡುಗಳಿಗೆ ಪುಟ ಎಂದು ಹೆಸರು, ಒಂದೊಂದೂ 4 ಕೆಬಿಯದು. ಅಲ್ಲೊಂದು ಇಲ್ಲೊಂದು ಚದುರಿದ ಐವತ್ತು ಪುಟಗಳನ್ನು, ಎಂದರೆ ಬರೀ 200 ಕೆಬಿಯನ್ನು, ಅಟ್ಟದಿಂದ ಇಳಿಸಲು ಅರ್ಧ ಸೆಕೆಂಡ್ ಬೇಕು. ಮೂವತ್ತು ಚಿತ್ರ ತೋರಿಸುವಷ್ಟು ಹೊತ್ತು. ಹುಡುಗನ ಕಾರು ಕಂಬಕ್ಕೆ ಬಡಿಯುವುದು ಅಲ್ಲಿಯೇ.

ರ‍್ಯಾಮ್ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಯಾವಾಗಲೂ ನೆನಪಾಗುವುದು ಒಸರುವ ಬಿಂದಿಗೆ. ಅದರೊಳಗಿನ ಪ್ರತಿ ಬಿಟ್ ಒಂದು ಟ್ರಾನ್ಸಿಸ್ಟರ್ ಮತ್ತು ಅದರ ಬೆನ್ನಿಗೆ ಒಂದು ಪುಟಾಣಿ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುದಂಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1966ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಅವರಿಗೆ ಹೊಳೆದ ಈ ಸರಳ ಜೋಡಿಯೇ ಇಂದಿಗೂ ನಡೆಯುತ್ತಿದೆ. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್. ನಮ್ಮ 8 ಜಿಬಿಯಲ್ಲಿ ಸುಮಾರು 6,872 ಕೋಟಿ. ಎಲ್ಲವೂ ಸೋರುತ್ತವೆ. ಹಾಗಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಬಿಂದಿಗೆಗಳನ್ನೂ ನೋಡಿ, ನೀರಿದ್ದದ್ದಕ್ಕೆ ಮತ್ತೆ ನೀರು ತುಂಬಬೇಕು. ನೀವು ಆಡದೆ ಸುಮ್ಮನೆ ಕುಳಿತಿದ್ದಾಗಲೂ ಈ ನೀರು ಹೊರುವ ಕೆಲಸ ನಿಲ್ಲುವುದಿಲ್ಲ. ವಿದ್ಯುತ್ ಹೋದರೆ ಎಲ್ಲ ಬರಿದು.

ಇದರಿಂದ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ, ಅಂಗಡಿಯಲ್ಲಿ ದುಡ್ಡು ಉಳಿಸುವಂಥದ್ದು. ಪೊಟ್ಟಣದ ಮೇಲಿನ 1333, 1600, 3200 ಎಂಬ ಅಂಕಿಗಳು ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆ ಎಂಬುದನ್ನು ಹೇಳುತ್ತವೆ. ಮೊದಲ ತುಣುಕು ಎಷ್ಟು ಬೇಗ ಬರುತ್ತದೆ ಎಂಬುದನ್ನಲ್ಲ. ಚಿಪ್ಪಿನೊಳಗಿನ ಆ ಕಾಯುವಿಕೆಯನ್ನು (ಮೇಲೆ ಹೇಳಿದ 100 ನ್ಯಾನೋಸೆಕೆಂಡಿನ ಒಂದು ಪಾಲು), ಎಷ್ಟು ಮಿಡಿತ ಕಾಯಬೇಕೆಂದು ಹೇಳುವ ಸಿಎಲ್ ಎಂಬ ಇನ್ನೊಂದು ಅಂಕಿಯಿಂದ ಲೆಕ್ಕ ಹಾಕಬೇಕು. ಡಿಡಿಆರ್3 (ಈ ಬಗೆಯ ಪಟ್ಟಿಗಳ ಮೂರನೆಯ ತಲೆಮಾರು) 1333, ಸಿಎಲ್ 9 ಆದರೆ 13.5 ನ್ಯಾನೋಸೆಕೆಂಡ್. ಡಿಡಿಆರ್3 1600, ಸಿಎಲ್ 11 ಆದರೆ 13.75. ಡಿಡಿಆರ್4 3200, ಸಿಎಲ್ 22 ಆದರೂ 13.75! ತಲೆಮಾರು ಬದಲಾದರೂ ಸಾಮಾನ್ಯ ಪಟ್ಟಿಗಳಲ್ಲಿ ಈ ಕಾಯುವಿಕೆ ಕದಲಿಲ್ಲ, ಏಕೆಂದರೆ ಚಿಪ್ಪಿನೊಳಗಿನ ಬಿಂದಿಗೆಗಳ ಸಾಲಿನಿಂದ ಬೇಕಾದ ತುಣುಕನ್ನು ಹೊರಗೆ ತರಲು ಅಷ್ಟು ಹೊತ್ತು ಬೇಕೇ ಬೇಕು. ಹಳೆಯ ಯಂತ್ರಕ್ಕೆ ‘ಗೇಮಿಂಗ್’ ಎಂಬ ಹೆಸರಿನ, ಕೆಂಪು ಕವಚದ ಪಟ್ಟಿಗಾಗಿ ಹೆಚ್ಚು ಹಣ ಸುರಿಯಬೇಡಿ ಎಂದು ನಾನು ಹೇಳುವುದು ಇದಕ್ಕೇ. ಕವಚದ ಬಣ್ಣ ಬಿಂದಿಗೆಗೆ ಗೊತ್ತಿಲ್ಲ.

ಪೆಟ್ಟಿಗೆಯೊಳಗೆ ಎರಡು ಸ್ಲಾಟ್ ಇದ್ದವು, ಒಂದರಲ್ಲಿ ಮಾತ್ರ ಪಟ್ಟಿ ಇತ್ತು. ಇದು ಹಳೆಯ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯ, ದೊಡ್ಡ ನಷ್ಟವೂ ಹೌದು. ಒಂದು ಪಟ್ಟಿಯ ಹಾದಿ 64 ಬಿಟ್ ಅಗಲ. ಡಿಡಿಆರ್3 1600ರಲ್ಲಿ ಸೆಕೆಂಡಿಗೆ 12.8 ಜಿಬಿ ಸಾಗಬಹುದು. ಒಂದೇ ಬಗೆಯ ಎರಡು ಪಟ್ಟಿ ಹಾಕಿದರೆ ಹಾದಿ ಎರಡಾಗಿ 25.6 ಜಿಬಿ ಆಗುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಇದು ಇನ್ನೂ ಮುಖ್ಯ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಭಾಗ ಚಿತ್ರ ಬಿಡಿಸುವುದೂ ಇದೇ ರ‍್ಯಾಮಿನಲ್ಲಿ. 4ರ ಜೊತೆಗೆ 8 ಹಾಕಿದರೂ ಇಂಟೆಲ್ ಬೋರ್ಡ್‌ಗಳು ಸಾಮಾನ್ಯವಾಗಿ ಹೊಂದಿಸಿಕೊಳ್ಳುತ್ತವೆ: ಎರಡರ ಮೊದಲ ನಾಲ್ಕು ನಾಲ್ಕು ಜಿಬಿ ಜೋಡಿ ಹಾದಿಯಲ್ಲಿ, ಉಳಿದದ್ದು ಒಂಟಿ ಹಾದಿಯಲ್ಲಿ.

ಇಷ್ಟೆಲ್ಲ ತಿಳಿದವನು ಮಾಡಿದ ಎಡವಟ್ಟನ್ನೂ ಹೇಳಬೇಕಲ್ಲ. ಮೇಜಿನ ಖಾನೆಯಲ್ಲಿ ಒಂದು 8 ಜಿಬಿ ಪಟ್ಟಿ ಬಿದ್ದಿತ್ತು. ಖುಷಿಯಿಂದ ಒತ್ತಿದೆ, ಕೂರಲಿಲ್ಲ. ಇನ್ನಷ್ಟು ಒತ್ತಿದೆ. ಹುಡುಗನೇ ನೋಡಿ, “ಕಚ್ಚು ಬೇರೆ ಕಡೆ ಇದೆ” ಎಂದ. ನನ್ನದು ಡಿಡಿಆರ್4, 288 ಕಾಲಿನದು. ಬೋರ್ಡ್ ಡಿಡಿಆರ್3, 240 ಕಾಲಿನದು. ಮೊದಲನೆಯದಕ್ಕೆ 1.2 ವೋಲ್ಟ್, ಎರಡನೆಯದಕ್ಕೆ 1.5. ನನ್ನಂಥವರು ಬಲ ಪ್ರಯೋಗಿಸುತ್ತಾರೆ ಎಂದು ತಿಳಿದೇ ತಲೆಮಾರಿಗೊಂದು ಜಾಗದಲ್ಲಿ ಆ ಕಚ್ಚನ್ನು ಇಟ್ಟಿದ್ದಾರೆ.

ಕೊನೆಗೆ ಎಸ್.ಪಿ. ರೋಡಿಗೆ ಹೋದೆವು. ಬೆಂಗಳೂರಿನಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಆ ಇಕ್ಕಟ್ಟಿನ ಬೀದಿಯೇ ಗತಿ. ಅಂಗಡಿಯಾತ ಹಳೆಯ ಪಟ್ಟಿಯನ್ನು ತಿರುಗಿಸಿ ಚಿಪ್ಪುಗಳನ್ನು ಎಣಿಸಿ, ಅದೇ ಬಗೆಯ 4 ಜಿಬಿಯ ಬಳಸಿದ ಪಟ್ಟಿಯನ್ನು ಡಬ್ಬಿಯಿಂದ ಹೆಕ್ಕಿ ಕೊಟ್ಟ. ಎಣಿಸಿದ್ದು ಶೋಕಿಗಲ್ಲ. ತೀರಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಪಟ್ಟಿಗಳ ಮೂಲೆಯಲ್ಲಿ ‘ಎಎಂಡಿಗೆ ಮಾತ್ರ’ (ಎಎಂಡಿ ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ) ಎಂಬ ಸೂಚನೆ ಇರುತ್ತದೆ. ಅವುಗಳ ಚಿಪ್ಪಿನ ಜೋಡಣೆಯೇ ಬೇರೆ, ಇಂಟೆಲ್ ಬೋರ್ಡಿನಲ್ಲಿ ಹಾಕಿದರೆ ಪರದೆ ಬೆಳಗುವುದೇ ಇಲ್ಲ.

ನಮ್ಮ ಪರದೆಯೂ ಮೊದಲು ಬೆಳಗಲಿಲ್ಲ. ಬೀಪ್, ಬೀಪ್ ಎಂದು ಒಂದೇ ಸಮನೆ ಬಡಿದುಕೊಂಡಿತು. ವಿದ್ಯುತ್ ತಂತಿ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಎರಡೂ ಪಟ್ಟಿಗಳನ್ನು ತೆಗೆದೆ. ಕಾಲುಗಳ ಹೊಂಬಣ್ಣದ ಮೇಲೆ ಬೂದು ಮಸುಕು ಇತ್ತು. ನಮ್ಮಲ್ಲಿ ರಿಪೇರಿಯವರು ಇದಕ್ಕೆ ಪೆನ್ಸಿಲ್ ರಬ್ಬರ್ ಉಜ್ಜುತ್ತಾರೆ. ಅದು ಕೆಲಸ ಮಾಡುತ್ತದೆ ನಿಜ, ಆದರೆ ಲೇಪ ತೆಳುವಾದದ್ದು, ಉಜ್ಜಿದಷ್ಟೂ ಸವೆಯುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ಹಿಡಿಯುವುದು ಧೂಳು ಮತ್ತು ಕೈಯ ಜಿಡ್ಡು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಎರಡೂ ಬದಿಯ ಕೊಕ್ಕೆ ಟಕ್ಕೆಂದು ಮುಚ್ಚುವವರೆಗೆ ಒತ್ತಿದೆ. ಈ ಸಲ ಒಂದೇ ಬೀಪ್, ಆಮೇಲೆ 8192 ಎಂಬ ಅಂಕಿ. ವಿಂಡೋಸ್ 64 ಬಿಟ್‌ನದ್ದಾದ್ದರಿಂದ ಅಷ್ಟೂ ಬಳಕೆಗೆ ಸಿಕ್ಕಿತು. 32 ಬಿಟ್‌ನದ್ದಾಗಿದ್ದರೆ 4 ಜಿಬಿಯೂ ಪೂರ್ತಿ ಸಿಗುತ್ತಿರಲಿಲ್ಲ.

ಹುಡುಗ ಕುರ್ಚಿ ಎಳೆದುಕೊಂಡು ಅದೇ ತಿರುವಿಗೆ ಹೋದ. ಕಾರು ನಿಲ್ಲಲಿಲ್ಲ. ಆಟ ತೆರೆದುಕೊಳ್ಳಲು ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯಿತು, ಮೊದಲ ಸಲ ಎಲ್ಲವನ್ನೂ ಡಿಸ್ಕಿನಿಂದಲೇ ಇಳಿಸಬೇಕಲ್ಲ. ಸೆಕೆಂಡಿಗೆ ತೋರುವ ಚಿತ್ರಗಳ ಸರಾಸರಿಯೂ ಹೆಚ್ಚೇನೂ ಏರಲಿಲ್ಲ, ಅದು ಗ್ರಾಫಿಕ್ಸ್ ಕಾರ್ಡಿನ ಕೈಯಲ್ಲಿದೆ. ಅವನಿಗೆ ಇದು ತುಸು ನಿರಾಸೆ ತಂದಿತು. ಅರ್ಧ ಗಂಟೆ ಆಡಿದವನು ತಿರುಗಿ ನೋಡದೆಯೇ ಕೇಳಿದ: “ಎಸ್‌ಎಸ್‌ಡಿ ಹಾಕಲು ಇದರಲ್ಲಿ ಜಾಗ ಇದೆಯಾ ಮಾಮ?” ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವೇ ಇಲ್ಲದ, ಚಿಪ್ಪಿನ ಅಟ್ಟ. ಜಾಗ ಇತ್ತು. ಪಕ್ಕದ ಹಲಗೆಗೆ ಇನ್ನೂ ಸ್ಕ್ರೂ ಹಾಕಿರಲಿಲ್ಲ, ಹಾಗೆಯೇ ಬಿಟ್ಟೆ.