ಡೇಟಾಬೇಸ್ ಇಲ್ಲದೆ ಪೆಪ್ಟೈಡ್ ಓದುವ ಸಾಫ್ಟ್‌ವೇರನ್ನು ಎಷ್ಟು ನಂಬಬಹುದು?

ಪ್ರಶ್ನೆ: ಶಿಡ್ಲಘಟ್ಟದ ರೇಷ್ಮೆ ಗೂಡಿನ ಪ್ರೋಟೀನ್‌ಗಳ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಾಸ್ ಸ್ಪೆಕ್ಟ್ರೋಮೀಟರ್ ದತ್ತಾಂಶ ಕೈಸೇರಿದೆ. ಗೊತ್ತಿರುವ ಪ್ರೋಟೀನ್‌ಗಳ ಡೇಟಾಬೇಸ್ ನೆರವಿಲ್ಲದೆ ಪೆಪ್ಟೈಡ್‌ನ (ಪ್ರೋಟೀನಿನ ತುಂಡಿನ) ಅಮೈನೋ ಆಮ್ಲಗಳ ಅನುಕ್ರಮ ಹೇಳುವ ಡಿ ನೋವೊ ಸಾಫ್ಟ್‌ವೇರ್‌ನ ಉತ್ತರವನ್ನು ನಂಬಬಹುದೇ?

ಉತ್ತರ: ನಂಬಬಹುದು, ಆದರೆ ಅಕ್ಷರ ಅಕ್ಷರವಾಗಿ (ಒಂದು ಅಮೈನೋ ಆಮ್ಲಕ್ಕೆ ಒಂದು ಅಕ್ಷರ). ಗೂಡಿನ ಲಾಟಿಗೆ ಒಟ್ಟಾರೆ ದರ ಕೂಗುವಂತೆ ಇಡೀ ಸಾಲಿಗೆ ಸಾಫ್ಟ್‌ವೇರ್ ಕೊಡುವ ಒಂದೇ ವಿಶ್ವಾಸದ ಅಂಕ ನೋಡಿ ಒಪ್ಪಿಕೊಳ್ಳಬೇಡಿ.

ಯಂತ್ರಕ್ಕೆ ಅಮೈನೋ ಆಮ್ಲದ ಹೆಸರು ಗೊತ್ತಿಲ್ಲ, ಅದು ಅಳೆಯುವುದು ತುಂಡುಗಳ ದ್ರವ್ಯರಾಶಿ ಮತ್ತು ವಿದ್ಯುದಾವೇಶದ ಅನುಪಾತವನ್ನು. ಅನಿಲದ ಅಣುಗಳಿಗೆ ಡಿಕ್ಕಿ ಹೊಡೆದ ಪೆಪ್ಟೈಡ್ ಹೆಚ್ಚಾಗಿ ಪೆಪ್ಟೈಡ್ ಬಂಧದಲ್ಲೇ ಮುರಿಯುತ್ತದೆ. ಎನ್ ತುದಿ (ಆರಂಭ) ಉಳಿದ ತುಂಡು ಬಿ ಅಯಾನು, ಸಿ ತುದಿ (ಕೊನೆ) ಉಳಿದದ್ದು ವೈ ಅಯಾನು. ಒಂದೇ ಆವೇಶದ, ಒಂದೇ ಸರಣಿಯ ತುಂಡುಗಳು ಯಂತ್ರದ ನಕ್ಷೆಯಲ್ಲಿ (ಸ್ಪೆಕ್ಟ್ರಮ್) ಮೂಡಿಸುವ ನೆರೆಯ ಶಿಖರಗಳ ನಡುವಿನ ಅಂತರ 57.02 ಇದ್ದರೆ ಗ್ಲೈಸಿನ್, 71.04 ಇದ್ದರೆ ಅಲನಿನ್, 87.03 ಇದ್ದರೆ ಸೆರಿನ್. 2003ರ ಪೀಕ್ಸ್, 2005ರ ಪೆಪ್‌ನೋವೊ, ಆಳ ಕಲಿಕೆ ಬಳಸಿದ 2017ರ ಡೀಪ್‌ನೋವೊ, 2022ರ ಕ್ಯಾಸನೋವೊ ಎಂಬ ಡಿ ನೋವೊ ತಂತ್ರಾಂಶಗಳೆಲ್ಲವೂ ಓದಬೇಕಾದದ್ದು ಈ ಅಂತರಗಳನ್ನೇ.

ನಿಮ್ಮ ದುರದೃಷ್ಟಕ್ಕೆ ರೇಷ್ಮೆಯೇ ಇಲ್ಲಿ ಕಠಿಣ ಪರೀಕ್ಷೆ. ರೇಷ್ಮೆ ಎಳೆಯ ಮುಖ್ಯ ಪ್ರೋಟೀನ್ ಆದ ಫೈಬ್ರಾಯಿನ್‌ನ ಉದ್ದಕ್ಕೂ ಗ್ಲೈಸಿನ್-ಅಲನಿನ್-ಗ್ಲೈಸಿನ್-ಅಲನಿನ್-ಗ್ಲೈಸಿನ್-ಸೆರಿನ್ ಎಂಬ ವರಸೆ ಮರುಕಳಿಸುತ್ತದೆ. ಗ್ಲೈಸಿನ್ ಮತ್ತು ಅಲನಿನ್ ಸೇರಿದರೆ 128.0586. ಗ್ಲುಟಮಿನ್ ಒಂದರದ್ದೂ ಅಷ್ಟೇ, ಪರಮಾಣುಗಳ ಲೆಕ್ಕವೂ ಒಂದೇ. ನಡುವಿನ ತುಂಡು ಸಿಗದಿದ್ದರೆ ಎಷ್ಟೇ ನಿಖರವಾದ ಉಪಕರಣವೂ ಇವನ್ನು ಬೇರ್ಪಡಿಸಲಾರದು. ಸಾಫ್ಟ್‌ವೇರ್ ಮಾತ್ರ ಸುಮ್ಮನಿರದೆ ಯಾವುದಾದರೊಂದನ್ನು ಬರೆದುಬಿಡುತ್ತದೆ. ಲೈಸಿನ್ 128.0950 ಆದ್ದರಿಂದ ಉತ್ತಮ ಉಪಕರಣಕ್ಕೆ ಅದು ಬೇರೆಯಾಗಿ ಕಾಣುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್‌ಗಳ ದ್ರವ್ಯರಾಶಿಯೂ ಒಂದೇ, ಅವುಗಳ ವಿಷಯದಲ್ಲಿ ಹಟ ಬೇಡ. ಮೊದಲ ಎರಡು ಅಕ್ಷರಗಳ ಕ್ರಮವನ್ನೂ ಅನುಮಾನದಿಂದಲೇ ನೋಡಿ, ಏಕೆಂದರೆ ಮೊದಲ ಬಿ ಅಯಾನು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ.

ಇನ್ನೊಂದು ತೊಡಕು ಸಾಫ್ಟ್‌ವೇರ್‌ಗಿಂತ ಮುಂಚಿನದು. ಪ್ರೋಟೀನನ್ನು ಪೆಪ್ಟೈಡ್‌ಗಳಾಗಿ ತುಂಡರಿಸುವ ಕಿಣ್ವ ಟ್ರಿಪ್ಸಿನ್ ಕತ್ತರಿಸುವುದು ಲೈಸಿನ್, ಆರ್ಜಿನಿನ್‌ಗಳ ನಂತರ. ಫೈಬ್ರಾಯಿನ್‌ನ ಈ ಭಾಗದಲ್ಲಿ ಅವೇ ಇಲ್ಲ, ಹಾಗಾಗಿ ಓದಲಾಗದಷ್ಟು ಉದ್ದದ ತುಂಡುಗಳು ಉಳಿಯುತ್ತವೆ. ಟೈರೋಸಿನ್ ನಂತರ ಕತ್ತರಿಸುವ ಕೈಮೋಟ್ರಿಪ್ಸಿನ್ ಜೊತೆಗಿದ್ದರೆ ಒಳ್ಳೆಯದು. ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕರಗಿ ಬರುವ, ಎಳೆಗಳ ಅಂಟಿನ ಪ್ರೋಟೀನ್ ಆದ ಸೆರಿಸಿನ್‌ನ ಕಥೆ ಬೇರೆ, ಅದರಲ್ಲಿ ಸೆರಿನ್‌ನದೇ ಮೇಲುಗೈ.

ನನ್ನನ್ನು ಕೇಳಿದರೆ, ಡಿ ನೋವೊದಿಂದ ಆರಂಭಿಸಲೇಬೇಡಿ. ರೇಷ್ಮೆಹುಳುವಿನ ಜೀನೋಮ್ ಕರಡು 2004ರಲ್ಲೇ ಪ್ರಕಟವಾಗಿದೆ, ಹಾಗಾಗಿ ಹೋಲಿಸಲು ಡೇಟಾಬೇಸ್ ಇದೆ. ಮೊದಲು ಡೇಟಾಬೇಸ್ ಹುಡುಕಾಟ ನಡೆಸಿ, ಅದಕ್ಕೆ ದಕ್ಕದೆ ಉಳಿದ ಒಳ್ಳೆಯ ಸ್ಪೆಕ್ಟ್ರಮ್‌ಗಳನ್ನಷ್ಟೇ ಡಿ ನೋವೊಗೆ ಕೊಡಿ. ತಳಿಭೇದದಿಂದ ಒಂದು ಅಕ್ಷರ ಬದಲಾದ ಪೆಪ್ಟೈಡ್‌ಗಳು ಸಿಗುವುದು ಅಲ್ಲಿಯೇ. ಕ್ಯಾಸನೋವೊ ಮುಕ್ತ ತಂತ್ರಾಂಶ, ಪ್ರತಿ ಅಮೈನೋ ಆಮ್ಲಕ್ಕೂ ಪ್ರತ್ಯೇಕ ಅಂಕ ಕೊಡುತ್ತದೆ. ಅಂಕ ಕುಸಿದ ಕಡೆ ಅಕ್ಷರದ ಬದಲು ದ್ರವ್ಯರಾಶಿಯನ್ನೇ ಬರೆದಿಡಿ. ಪ್ರಬಂಧದ ತೀರ್ಮಾನ ಒಂದೇ ಪೆಪ್ಟೈಡ್ ಮೇಲೆ ನಿಂತಿದ್ದರೆ, ಅದನ್ನು ಕೃತಕವಾಗಿ ತಯಾರಿಸಿ ಎರಡೂ ಸ್ಪೆಕ್ಟ್ರಮ್‌ಗಳನ್ನು ಹೋಲಿಸಿ ನೋಡುವಂತೆ ಮಾರ್ಗದರ್ಶಕರನ್ನು ಒಪ್ಪಿಸಿ.